ಕಪ್ಪು ಕಾರು, ಡಿಎ ಪಾಲಿಷರ್, ಆಮೇಲೆ ಆ ಹಾಳಾದ್ ಮಬ್ಬು: ಒಂದೂವರೆ ವರ್ಷ ಬಳಸಿದ್ಮೇಲೆ

ಈ ಡಿಎ ಪಾಲಿಷರ್ (ಡ್ಯುಯಲ್ ಆಕ್ಷನ್, ಅಂದ್ರೆ ಪ್ಯಾಡು ಸುತ್ತುತ್ತಾ ಓಲಾಡ್ತಾ ಪೇಂಟ್ ಉಜ್ಜಿ ಹೊಳಪು ತರೋ ಮೆಷಿನ್) ತಗೊಂಡ ಎರಡನೇ ತಿಂಗ್ಳಲ್ಲಿ ವಿಮರ್ಶೆ ಬರ್ದಿದ್ರೆ ಒಂದು ಸ್ಟಾರ್ ಕೊಟ್ಟು, ಯಾರೂ ತಗೋಬೇಡ್ರಪ್ಪ ಅಂತ ಬರ್ದು ಮುಗಿಸ್ತಿದ್ದೆ. ಈಗ ಒಂದೂವರೆ ವರ್ಷ ಆಯ್ತು, ನಮ್ಮ ಕಾರು, ಬಾವನ ಕಾರು, ಪಕ್ಕದ್ಮನೆ ಮೇಷ್ಟ್ರ ಕಾರು ಅಂತ ಮೂರು ಗಾಡಿ ಪೂರ್ತಿ ಮಾಡಿದೀನಿ. ಈಗ್ಲೂ ಒಂದೆರಡು ದೂರು ಇದೆ, ಆದ್ರೆ ಅವತ್ತು ಏನಕ್ಕೆ ಸಿಟ್ಟು ಬಂದಿತ್ತೋ ಆ ದೂರು ಇಲ್ಲ. ವ್ಯಾಟ್ ಎಷ್ಟು, ತ್ರೋ (ಪ್ಯಾಡ್ ಎಷ್ಟಗಲ ಓಲಾಡುತ್ತೆ ಅನ್ನೋದು) ಎಷ್ಟು, ಡಬ್ಬದಲ್ಲಿ ಏನೇನ್ ಬರುತ್ತೆ ಅನ್ನೋದೆಲ್ಲ ನೀವು ನೋಡೇ ಇರ್ತೀರ, ಅದನ್ನ ಬಿಟ್ಟು ಪಾಲಿಶ್ ಆದ್ಮೇಲೆ ಪೇಂಟಲ್ಲಿ ಕಾಣೋ ಮಬ್ಬಿನ ವಿಷ್ಯನೇ ಬರೀತೀನಿ, ಯಾಕಂದ್ರೆ ಕಪ್ಪು ಕಾರಿಗೆ ಮೆಷಿನ್ ಇಟ್ಟೋರಿಗೆ ಒಂದಲ್ಲ ಒಂದಿನ ಈ ತಲೆನೋವು ಬಂದೇ ಬರುತ್ತೆ.

ನಮ್ಮನೆ ಮಂಡ್ಯದಿಂದ ಸ್ವಲ್ಪ ಆಚೆ, ಸುತ್ತ ಕಬ್ಬಿನ ಗದ್ದೆ, ಅರ್ಧ ಕಿಲೋಮೀಟರ್‌ಗೆ ಒಂದು ಆಲೆಮನೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆನೇ ಉರಿ, ಅದ್ರ ಬೂದಿ ಮಸಿ ಎಲ್ಲ ಗಾಳಿಗೆ ಹಾರ್ಕೊಂಡು ಬಂದು ಬೆಳಗಾಗೋ ಹೊತ್ತಿಗೆ ಬಾನೆಟ್ ಮೇಲೆ ಎಳ್ಳು ಚೆಲ್ಲಿದಂಗೆ ಕೂತಿರುತ್ತೆ. ಅಪ್ಪ ಏಳು ವರ್ಷ ಅದನ್ನ ಒಣ ಬಟ್ಟೇಲಿ ಒರೆಸಿದ್ರು, ದಿನಾ ಕಾಫಿ ಕುಡಿದ ತಕ್ಷಣ, ಪ್ರೀತಿಯಿಂದಾನೇ, ಗಾಡಿ ಚೆನ್ನಾಗಿರ್ಲಿ ಅಂತಾನೇ. ಜೊತೆಗೆ ತೊಳೆಯೋದು ಬೋರ್ ನೀರಲ್ಲಿ, ಹಂಗೇ ಒಣಗೋಕೆ ಬಿಟ್ರೆ ಬಿಳಿ ಚುಕ್ಕೆ. ಬಿಸಿಲಿಗೆ ನಿಲ್ಲಿಸಿ ನೋಡಿದ್ರೆ ಮೈತುಂಬ ಜೇಡರ ಬಲೆ ಥರ ಗೀರು. ಮೈಸೂರಲ್ಲಿ ಒಂದು ಕಡೆ ಪಾಲಿಶ್ ಮಾಡ್ಸೋಕೆ ವಿಚಾರಿಸಿದ್ರೆ 9,000 ಅಂದ್ರು, ಮೆಷಿನ್ನೇ 7,400ಕ್ಕೆ ಸಿಗ್ತಿತ್ತು, ಒಂದ್ಸಲಕ್ಕೆ ಕೊಡೋ ದುಡ್ಡಲ್ಲಿ ಮೆಷಿನ್ ಮನೇಲೇ ಇರುತ್ತಲ್ಲ ಅಂತ ತಗೊಂಡೆ.

2023ರ ಆಯುಧಪೂಜೆಗೆ ಎರಡು ದಿನ ಇದ್ದಾಗ ಶೆಡ್ಡಲ್ಲಿ ನಿಲ್ಲಿಸ್ಕೊಂಡು, ಜೊತೇಲಿ ಬಂದಿದ್ದ ಮೈಕ್ರೋಫೈಬರ್ ಪ್ಯಾಡು, ಕಟಿಂಗ್ ಕಾಂಪೌಂಡು (ಗೀರು ಹೋಗೋ ಹಂಗೆ ಪೇಂಟಿನ ಮೇಲ್ಪದರನ ಚೂರು ಕೆರೆಯೋ ಪೇಸ್ಟು) ಹಾಕಿ ಬೆಳಗ್ಗೆಯಿಂದ ಸಂಜೆವರೆಗೂ ಮಾಡ್ದೆ. ಹೆಚ್ಚುಕಮ್ಮಿ ಗೀರೆಲ್ಲ ಹೋಯ್ತು, ಮುಖ ನೋಡ್ಕೊಳೋ ಹಂಗೆ ಹೊಳೀತಿತ್ತು. ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಮುಂದಕ್ಕೆ ತೆಗೆದಾಗ ಬೀದಿಯೋರು ಹೊಸಾದಾ ಅಂತ ಕೇಳಿದ್ರು. ಅಪ್ಪಂಗೆ ಆದ ಖುಷಿ ನೋಡಿ ನನಗೆ ಮೈಕೈ ನೋವೆಲ್ಲ ಮರ್ತೇ ಹೋಯ್ತು.

ಮೂರು ವಾರ ಆದ್ಮೇಲೆ, ಅಷ್ಟೊತ್ತಿಗೆ ಎರಡ್ಸಲ ಶಾಂಪೂ ಹಾಕಿ ತೊಳೆದಾಗಿತ್ತು, ರಾತ್ರಿ ಮದ್ದೂರಿಂದ ಬರ್ತಾ ಪೆಟ್ರೋಲ್ ಹಾಕ್ಸೋಕೆ ಬಂಕಲ್ಲಿ ನಿಲ್ಲಿಸ್ದೆ. ತಲೆ ಮೇಲೆ ಬಿಳಿ ಎಲ್‌ಇಡಿ ಲೈಟು. ಬಾನೆಟ್ ನೋಡಿ ಎದೆ ಧಸಕ್ಕಂತು. ಸ್ಲೇಟನ್ನ ಒದ್ದೆ ಬಟ್ಟೇಲಿ ಒರೆಸಿ ಒಣಗಿದ್ಮೇಲೆ ಒಂದು ಬಣ್ಣ ಉಳಿಯುತ್ತಲ್ಲ, ಸುಣ್ಣ ಇನ್ನೂ ಪೂರ್ತಿ ಹೋಗಿರಲ್ಲ, ಥೇಟ್ ಅದೇ ಬಣ್ಣ. ಒಂದೊಂದು ಲೈಟಿನ ಬಿಂಬದ ಸುತ್ತಲೂ ದೇವರ ಹಿಂದಿನ ಪ್ರಭಾವಳಿ ಥರ ಬೆಳ್ಳಗೆ ಒಂದು ಸುತ್ತು. ಹೊಳಪಿದೆ, ಕಪ್ಪಿಲ್ಲ.

ಇಲ್ಲಿ ಒಂದ್ ಮಾತು ಹೇಳ್ಬೇಕು, ಮಬ್ಬು ಅಂದ್ರೆ ಎಲ್ಲ ಒಂದೇ ಅಲ್ಲ, ಯಾವ ಮಬ್ಬು ಅಂತ ಗೊತ್ತಾಗದೆ ದುಡ್ಡು ಸುರಿಬೇಡಿ. ಬೆರಳಲ್ಲಿ ಉಜ್ಜಿದ್ರೆ ಹೋಗುತ್ತೆ ಅಂದ್ರೆ ಅದು ವ್ಯಾಕ್ಸು ಸರಿಯಾಗಿ ಒರೆಸ್ದೆ ಉಳಿದಿರೋದು ಅಷ್ಟೆ. ಟಾರ್ಚ್ ಆಡಿಸ್ದಂಗೆಲ್ಲ ಬಿಲ್ಲಿನ ಥರ ಗೆರೆ ಜೊತೇಲೇ ಓಡುತ್ತೆ ಅಂದ್ರೆ ಅದು ಗ್ಯಾರೇಜಲ್ಲಿ ರೋಟರಿ ಮೆಷಿನ್ (ಓಲಾಡದೆ ಬರೀ ಸುತ್ತೋದು) ಬಿಟ್ಟು ಹೋಗಿರೋ ಗುರುತು, ಹೊಲೋಗ್ರಾಮ್ ಅಂತಾರೆ. ಒರೆಸಿದ್ ಕಡೆಗೇ ಸೀದಾ ಸಣ್ಣ ಗೀರು ಕಂಡ್ರೆ ಬಟ್ಟೆ ತಪ್ಪು. ನಂದು ಇದ್ಯಾವ್ದೂ ಅಲ್ಲ, ಎಲ್ಲಾ ಕಡೆ ಒಂದೇ ಸಮ ಹಾಲು ಬೆರೆಸಿದಂಗೆ. ದೊಡ್ಡ ಗೀರು ತೆಗೆಯೋವಾಗ ಕಾಂಪೌಂಡೂ ಪ್ಯಾಡೂ ಸೇರಿ ಲೆಕ್ಕ ಇಲ್ದಷ್ಟು ಸಣ್ಣ ಗೀರು ಬಿಟ್ಟಿರುತ್ತೆ, ಬಿಡಿಬಿಡಿಯಾಗಿ ಕಣ್ಣಿಗೆ ಕಾಣಲ್ಲ, ಒಟ್ಟಿಗೆ ಸೇರಿ ಬೆಳಕನ್ನ ಚದುರಿಸುತ್ತೆ. ಕಾಂಪೌಂಡಲ್ಲಿರೋ ಎಣ್ಣೆ ಅಂಶ ಅದರೊಳಗೆ ಕೂತು ಮುಚ್ಚಿಟ್ಟಿತ್ತು, ಎರಡು ಶಾಂಪೂಗೆ ಎಣ್ಣೆ ಹೋಯ್ತು, ಒಳಗಿದ್ದಿದ್ದು ಆಚೆ ಬಂತು. ಹಬ್ಬದ ದಿನ ಬೀದಿಯೋರು ಹೊಗಳಿದ್ರಲ್ಲಿ ಅರ್ಧ ಎಣ್ಣೆ ಹೊಳಪು. ಬಿಳಿ, ಸಿಲ್ವರ್ ಕಾರಲ್ಲಿ ಇದೇ ಮಬ್ಬು ಇದ್ರೂ ಕಣ್ಣಿಗೆ ಬೀಳೋದು ಕಮ್ಮಿ, ಕಪ್ಪಲ್ಲಿ ಮುಚ್ಚಿಡೋಕೆ ಆಗಲ್ಲ.

ಅವಾಗ ನನಗೆ ಇಷ್ಟೆಲ್ಲ ಗೊತ್ತಿರ್ಲಿಲ್ಲ. ಕಾಂಪೌಂಡ್ ಸರಿ ಇಲ್ಲ ಅಂದ್ಕೊಂಡು 1,100 ಕೊಟ್ಟು ಫಿನಿಶಿಂಗ್ ಪಾಲಿಶ್ (ಕಾಂಪೌಂಡಿಗಿಂತ ನುಣ್ಣಗಿರೋದು, ಕೊನೇಲಿ ಹಾಕೋದು) ತರಿಸ್ದೆ. ಅದನ್ನ ಅದೇ ಮೈಕ್ರೋಫೈಬರ್ ಪ್ಯಾಡಿಗೇ ಹಾಕಿ, ಭಾನುವಾರ ಮಧ್ಯಾಹ್ನ ಹೊಂಗೆ ಮರದ ಅರ್ಧಂಬರ್ಧ ನೆರಳಲ್ಲಿ, ಸ್ಪೀಡ್ ಡಯಲ್ ಆರಕ್ಕಿಟ್ಟು ಮೈಭಾರ ಎಲ್ಲ ಹಾಕಿ ಒತ್ತಿದೆ. ಬಾನೆಟ್ ಮೇಲೆ ಕೈ ಇಡೋಕೆ ಆಗ್ತಿರ್ಲಿಲ್ಲ ಅಷ್ಟು ಕಾದಿತ್ತು, ಪಾಲಿಶ್ ಎರಡು ಸುತ್ತಿಗೇ ಒಣಗಿ ಹಿಟ್ಟು ಹಾರಿದಂಗೆ ಹಾರ್ತಿತ್ತು. ಸಂಜೆ ಟಾರ್ಚ್ ಹಾಕಿ ನೋಡಿದ್ರೆ ಮಬ್ಬು ಇದ್ದಿದ್ದಕ್ಕಿಂತ ಜಾಸ್ತಿ. ಮಾರಿದೋರಿಗೆ ಫೋಟೋ ಕಳಿಸಿ ಕೇಳಿದ್ರೆ ಬೇರೆ ಕಾಂಪೌಂಡ್ ಟ್ರೈ ಮಾಡಿ ಸರ್ ಅಂದ್ರು, ಇಷ್ಟೇ ಉತ್ತರ. ನಿಜವಾಗ್ಲೂ ಹೊಟ್ಟೆ ಉರೀತು. ಮೆಷಿನ್ನು ಒಂದು ತಿಂಗ್ಳು ಅಟ್ಟ ಸೇರ್ತು.

ಮತ್ತೆ ಇಳಿಸಿದ್ದು ಡಿಸೆಂಬರಲ್ಲಿ. ಈ ಸಲ ಪೂರ್ತಿ ಬಾನೆಟ್ ಮುಟ್ಟದೆ ಎಡಗಡೆ ಮೂಲೇಲಿ ಮಾಸ್ಕಿಂಗ್ ಟೇಪ್ ಹಚ್ಚಿ ನಾಲ್ಕು ಚೌಕ ಮಾಡ್ಕೊಂಡೆ, ಒಂದೊಂದ್ರಲ್ಲಿ ಒಂದೊಂದೇ ಬದಲಾವಣೆ. ಬೆಳಗ್ಗೆ ಏಳಕ್ಕೆ, ತಗಡು ತಣ್ಣಗಿದ್ದಾಗ. ಮೊದಲನೇದು ಹಳೇ ಪ್ಯಾಡು ಹೊಸ ಪಾಲಿಶು: ಸ್ವಲ್ಪ ಕಮ್ಮಿ ಆಯ್ತು ಅಷ್ಟೆ. ಎರಡನೇದು ಮಧ್ಯಮ ಗಟ್ಟಿ ಇರೋ ಫೋಮ್ ಪ್ಯಾಡು, ಮುಕ್ಕಾಲು ಹೋಯ್ತು. ಮೂರನೇದಕ್ಕೆ ಕೆನ್ನೆ ಥರ ಮೆತ್ತಗಿರೋ ಕಪ್ಪು ಫಿನಿಶಿಂಗ್ ಫೋಮು, 350 ರೂಪಾಯಿದು. ಒರೆಸಿ ಟಾರ್ಚ್ ಹಿಡ್ದೆ, ಬಿಂಬದ ಸುತ್ತ ಏನೂ ಇಲ್ಲ, ಚುಕ್ಕಿ ಥರ ಚೂಪಾಗಿ ಬೆಳಕು, ಸುತ್ತ ಬಾವಿ ನೀರಿನ ಕಪ್ಪು. ಅಲ್ಲೇ ಸ್ಟೂಲ್ ಮೇಲೆ ಕೂತ್ಕೊಂಡು ಸುಮಾರ್ ಹೊತ್ತು ನೋಡ್ತಿದ್ದೆ.

ನಾಲ್ಕನೇ ಚೌಕನೂ ಅದೇ ಮೆತ್ತನೆ ಪ್ಯಾಡಲ್ಲೇ ಮಾಡ್ದೆ, ಖುಷೀಲಿ ಪ್ಯಾಡ್ ಕ್ಲೀನ್ ಮಾಡದೆ ಹಂಗೇ ಮುಂದುವರ್ಸ್ದೆ, ಸ್ವಲ್ಪ ಜಾಸ್ತಿ ಒತ್ತಿದ್ದೆ ಕೂಡ. ತೆಳ್ಳಗೆ ಮಬ್ಬು ವಾಪಸ್ ಬಂದಿತ್ತು! ಪಾಲಿಶ್ ಅದೇ, ಪ್ಯಾಡ್ ಅದೇ, ಮೆಷಿನ್ ಅದೇ. ಆ ನಾಲ್ಕನೇ ಚೌಕ ಕಲಿಸಿದ್ದು ಮಿಕ್ಕಿದ ಮೂರೂ ಕಲಿಸ್ಲಿಲ್ಲ. ಮೆಷಿನ್ ಓಡ್ತಾ ಓಡ್ತಾ ಕೆರೆದು ಬಂದ ಕ್ಲಿಯರ್ ಕೋಟಿನ (ಬಣ್ಣದ ಮೇಲಿರೋ ಪಾರದರ್ಶಕ ಪದರ) ಪುಡಿ, ಸತ್ತ ಪಾಲಿಶು ಎಲ್ಲ ಫೋಮಿನ ತೂತಲ್ಲಿ ಹೋಗಿ ಕೂರುತ್ತೆ, ಅಲ್ಲಿಂದಾಚೆಗೆ ಮೆತ್ತನೆ ಪ್ಯಾಡೂ ಮೆತ್ತಗಿರಲ್ಲ.

ಈಗ ನಾನು ಮಾಡೋದು ಹಿಂಗೆ. ಕಾಂಪೌಂಡ್ ಮುಗಿದ್ಮೇಲೆ ಗಾಡಿ ಚೆನ್ನಾಗಿ ಒರೆಸಿ, ಹೊಸ ಪ್ಯಾಡಿಗೆ ಪಾಲಿಶ್ ತೆಳ್ಳಗೆ ಪೂರ್ತಿ ಸವರಿ, ಆಮೇಲೆ ಪ್ರತೀ ಸಲಕ್ಕೂ ಬಟಾಣಿ ಕಾಳಿನಷ್ಟು ಮೂರ್ನಾಲ್ಕು ಬೊಟ್ಟು, ಅಷ್ಟೇ ಸಾಕು. ಒಂದ್ಸಲಕ್ಕೆ ಎರಡಡಿ ಉದ್ದ ಎರಡಡಿ ಅಗಲ, ಅದಕ್ಕಿಂತ ಆಸೆ ಪಡಬಾರ್ದು. ಸ್ಪೀಡು ಮೂರೂವರೆ, ನಾಲ್ಕು. ಕೈ ಎಷ್ಟು ನಿಧಾನ ಅಂದ್ರೆ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್, ಹಿಂದಿನ ಸಾಲಿನ ಅರ್ಧ ಮುಚ್ಚಿಕೊಂಡು ಮುಂದಿನ ಸಾಲು, ಗದ್ದೇಲಿ ಉತ್ತಂಗೆ, ಒಮ್ಮೆ ಅಡ್ಡ ಒಮ್ಮೆ ಉದ್ದ. ಬೇಗ ನಿಲ್ಲಿಸಬಾರ್ದು, ನನ್ನತ್ರ ಇರೋ ಪಾಲಿಶಲ್ಲಿರೋದು ಅರೀತಾ ಅರೀತಾ ನುಣ್ಣಗಾಗೋ ಜಾತಿ ಪುಡಿ, ಅರ್ಧಕ್ಕೆ ಬಿಟ್ರೆ ಅದೇ ಒಂದು ಮಬ್ಬು. ನಾಲ್ಕರಿಂದ ಆರು ಸುತ್ತು, ಕೊನೇ ಎರಡಕ್ಕೆ ಮೆಷಿನ್ನಿನ ಭಾರನೇ ಸಾಕು, ಕೈ ದಾರಿ ತೋರಿಸಿದ್ರೆ ಆಯ್ತು. ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸೋ ತಟ್ಟೆ) ಅಂಚಿಗೆ ಮಾರ್ಕರಲ್ಲಿ ಒಂದು ಗೆರೆ ಹಾಕೊಳಿ, ಗೆರೆ ಸುತ್ತೋದು ಕಾಣ್ತಿರ್ಬೇಕು, ಜಾಸ್ತಿ ಒತ್ತಿದ್ರೆ ಈ ಥರ ಮೆಷಿನ್ ಸುತ್ತೋದು ಬಿಟ್ಟು ಬರೀ ನಡುಗುತ್ತೆ.

ಒಂದು ಚೌಕ ಆದ್ಮೇಲೆ ಪ್ಯಾಡಿಗೆ ಬ್ರಶ್. ಪ್ರತೀ ಚೌಕಕ್ಕೂ, ತಪ್ಪದೆ. ಮೆಷಿನ್ ನಿಧಾನಕ್ಕೆ ಆನ್ ಮಾಡಿ ಮೆತ್ತನೆ ನೈಲಾನ್ ಬ್ರಶ್ ಹಿಡಿದ್ರೆ ಬೂದು ಬಣ್ಣದ ಪುಡಿ ಉದುರುತ್ತೆ, ಅದನ್ನ ನೋಡಿದ್ರೆ ಎಂಥದೋ ಸಮಾಧಾನ. ಒಂದು ಕಾರಿಗೆ ಕಮ್ಮಿ ಅಂದ್ರೂ ನಾಲ್ಕು ಫಿನಿಶಿಂಗ್ ಪ್ಯಾಡ್ ಇಟ್ಕೊಳಿ, ಒಂದರಲ್ಲೇ ಮುಗಿಸ್ತೀನಿ ಅನ್ನಬೇಡಿ.

ಆಮೇಲೆ ಪರೀಕ್ಷೆ. ಒಂದು ಲೀಟರ್ ಸ್ಪ್ರೇ ಬಾಟ್ಲಿಗೆ 150 ಎಂಎಲ್ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಮಿಕ್ಕಿದ್ದು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ತಣ್ಣಗಿರೋ ತಗಡಿಗೆ ಹೊಡ್ದು ಮೆಲ್ಲಗೆ ಒರೆಸಿದ್ರೆ ಎಣ್ಣೆ ಹೋಗಿ ನಿಜ ಬಣ್ಣ ಕಾಣುತ್ತೆ. ಇದನ್ನ ಮಾಡದೆ ಚೆನ್ನಾಗಾಯ್ತು ಅಂತ ವ್ಯಾಕ್ಸ್ ಹಚ್ಚಿದ್ರೆ ನನಗೆ ಬಂಕಲ್ಲಿ ಆದಂಗೇ ಆಗುತ್ತೆ. ಗ್ಲೇಜ್ ಅಂತ ಮಾರ್ತಾರಲ್ಲ, ಅದು ಮಬ್ಬನ್ನ ತುಂಬಿ ಮುಚ್ಚೋದು, ತೆಗೆಯೋದಲ್ಲ, ನಾಲ್ಕು ತೊಳೆತಕ್ಕೆ ಮತ್ತೆ ಹಳೇ ಕಥೆ.

ಒರೆಸೋ ಬಟ್ಟೆ ವಿಷ್ಯಕ್ಕೂ ಒಂದು ಪಾಠ ಆಯ್ತು. ಬಾವನ ಕಾರು ಮಾಡೋವಾಗ ಮಬ್ಬೆಲ್ಲ ಹೋದ್ಮೇಲೂ ಸೀದಾ ಸೀದಾ ಗೀರು. ನೋಡಿದ್ರೆ ಅಮ್ಮ ನನ್ನ ಮೈಕ್ರೋಫೈಬರ್ ಬಟ್ಟೆಗಳನ್ನ ಮನೆ ಬಟ್ಟೆ ಜೊತೆ ಮೆಷಿನ್‌ಗೆ ಹಾಕಿ, ಘಮ್ಮನ್ಲಿ ಅಂತ ಫ್ಯಾಬ್ರಿಕ್ ಕಂಡೀಷನರೂ ಹಾಕಿದ್ರು, ಬೆಡ್‌ಶೀಟಿನ ನಾರು ಎಲ್ಲ ಅಂಟ್ಕೊಂಡಿತ್ತು. ಅವತ್ತಿಂದ ಅದಕ್ಕೇ ಬೇರೆ ಬಕೆಟ್ಟು. ಅಮ್ಮನೇ ಈಗ "ಇದು ಕಾರ್ ಬಕೆಟ್ಟು ಕಣೋ, ಯಾರೂ ಮುಟ್ಟಬೇಡಿ" ಅಂತ ಎಲ್ಲರಿಗೂ ಹೇಳ್ತಾರೆ. ಪ್ಯಾಡುಗಳನ್ನ ಕೆಲ್ಸ ಮುಗಿದ ದಿನ ಸಂಜೇನೇ ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ, ಬೂದು ನೀರು ಬಿಡೋದು ನಿಲ್ಲೋವರೆಗೂ ಹಿಂಡದೆ ಅದುಮಿ ಅದುಮಿ ತೊಳೀತೀನಿ. ತಿರುಚಿದ್ರೆ ಫೋಮು ವೆಲ್ಕ್ರೋದಿಂದ ಬಿಟ್ಕೊಳುತ್ತೆ. ನೀರು ಇಳೀಲಿ ಅಂತ ಫೋಮ್ ಕೆಳಗೆ ಮಾಡಿ ತಂತಿ ಸ್ಟ್ಯಾಂಡ್ ಮೇಲೆ ನೆರಳಲ್ಲಿ ಇಡೋದು. ಇಡೀ ಕೆಲಸದಲ್ಲಿ ನನಗೆ ಇಷ್ಟ ಆಗೋ ಭಾಗ ಇದೇ ಅಂತ ಹೇಳಿದ್ರೆ ನಂಬ್ತೀರೋ ಇಲ್ವೋ, ಹಿತ್ಲಲ್ಲಿ ಕಲ್ಲಿನ ಮೇಲೆ ಕೂತು ಒಂದೊಂದೇ ಪ್ಯಾಡ್ ತೊಳೀತಾ ಇದ್ರೆ ದಿನದ ದಣಿವು ಇಳಿಯುತ್ತೆ.

ಮೆಷಿನ್ ಬಗ್ಗೆ ಉಳಿದಿರೋ ದೂರು ಹೇಳ್ಬಿಡ್ತೀನಿ. ಬ್ಯಾಕಿಂಗ್ ಪ್ಲೇಟ್ ನಡುಮಧ್ಯ ಸಿಕ್ಕಾಪಟ್ಟೆ ಕಾಯುತ್ತೆ, ಜೊತೇಲಿ ಬಂದಿದ್ದ ಪ್ಯಾಡಿಗೆ ನಡುವೆ ತೂತಿರ್ಲಿಲ್ಲ, ಒಂದು ಪ್ಯಾಡಿನ ಅಂಟು ಕರಗಿ ಓಡ್ತಾ ಇರೋವಾಗ್ಲೇ ಕಿತ್ಕೊಂಡು ಹಾರ್ತು, ಪುಣ್ಯಕ್ಕೆ ಆಫ್ ಮಾಡ್ದೆ, ಇಲ್ಲಾಂದ್ರೆ ಪ್ಲೇಟೇ ಪೇಂಟಿಗೆ ತಾಗ್ತಿತ್ತು. ಇದು ಸಣ್ಣ ವಿಷ್ಯ ಅಲ್ಲ, ಈ ಬೆಲೆಗೆ ಇನ್ನೊಂಚೂರು ಯೋಚಿಸಿ ಕೊಡ್ಬೋದಿತ್ತು. ನಡುವೆ ತೂತಿರೋ ಪ್ಯಾಡ್ ತಗೊಂಡ್ಮೇಲೆ ಮತ್ತೆ ಹಂಗಾಗಿಲ್ಲ. ವೈರು ಗಿಡ್ಡ, ಎಕ್ಸ್‌ಟೆನ್ಶನ್ ಬೇಕೇ ಬೇಕು, ವೈರನ್ನ ಹೆಗಲ ಮೇಲೆ ಹಾಕೊಳಿ, ಬಾನೆಟ್ ಮೇಲೆ ಎಳೆದಾಡಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಒಂದು ಗಂಟೆ ಆದ್ಮೇಲೆ ಬೆರಳು ಜುಮ್ಮನ್ನುತ್ತೆ. ಇನ್ನು ನಮ್ಮ ಕಡೆ ಬೇಸಿಗೇಲಿ ಪಂಪ್‌ಸೆಟ್‌ಗಳು ಶುರುವಾದ್ರೆ ವೋಲ್ಟೇಜ್ ಬೀಳುತ್ತೆ, ಮೆಷಿನ್ ಸದ್ದೇ ಬದಲಾಗಿ ಸ್ಪೀಡ್ ಇಳಿಯುತ್ತೆ, ಅದಕ್ಕೆ ಮೆಷಿನ್ನನ್ನ ಬೈಯಲ್ಲ, ಆದ್ರೆ ಸದ್ದು ಕೇಳಿಸ್ಕೊಂಡು ಡಯಲ್ ಸರಿ ಮಾಡ್ಕೋಬೇಕು.

ದುಡ್ಡಿನ ಲೆಕ್ಕ: ಮೆಷಿನ್ 7,400, ಆಮೇಲೆ ಪ್ಯಾಡು ಪಾಲಿಶು ಬಟ್ಟೆ ಅಂತ ಇನ್ನೊಂದು 4,000 ಹತ್ರ ಹೋಗಿದೆ. ವರ್ಷಕ್ಕೊಂದ್ಸಲ ಒಂದೇ ಕಾರು ಮಾಡ್ಸೋರಿಗೆ ಅಂಗಡಿಗೆ ಕೊಡೋದೇ ವಾಸಿ. ಮನೇಲಿ ಎರಡು ಗಾಡಿ ಇದ್ದು, ಭಾನುವಾರ ಬೆಳಗ್ಗೆ ನಾಲ್ಕು ಗಂಟೆ ಹೊತ್ತು ಯಾರೂ ಕರೆಯಲ್ಲ ಅಂತಿದ್ರೆ ತಗೊಳಿ. ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಆ ಪ್ಲೇಟಿನ ಬಿಸಿಗೆ ಹೋಯ್ತು.

ಇನ್ನೊಂದು, ಮಬ್ಬು ಹೋಗ್ಲಿ ಅಂತ ಮತ್ತೆ ಮತ್ತೆ ಕಾಂಪೌಂಡ್ ಹಾಕಬೇಡಿ. ಕಾರಿನ ಪೇಂಟು ಪೂರ್ತಿ ಸೇರಿ ಸುಮಾರು 100ರಿಂದ 150 ಮೈಕ್ರಾನು, ಅದರಲ್ಲಿ ಮೇಲಿನ ಕ್ಲಿಯರ್ ಕೋಟು 40, 50 ಇದ್ರೆ ಹೆಚ್ಚು, ತಲೆಕೂದಲಿಗಿಂತ ತೆಳು. ಅಂಚಲ್ಲಿ ಇನ್ನೂ ತೆಳ್ಳಗಿರುತ್ತೆ. ನಮ್ಮ ಬಾನೆಟ್ಟಿನ ಮುಂದಿನ ಅಂಚಲ್ಲಿ ಅಪ್ಪ ಒರೆಸಿ ಆದ ಎರಡು ಗೀರು ಇನ್ನೂ ಹಂಗೇ ಇದೆ, ಅಲ್ಲಿಗೆ ಟೇಪ್ ಹಚ್ಚಿ ಮೆಷಿನ್ ಆಚೆಗೇ ತಿರುಗಿಸ್ತೀನಿ. ಅಪ್ಪ ಈಗ ಒಣ ಬಟ್ಟೆ ಬಿಟ್ಟಿದಾರೆ, ಕಾಫಿ ಆದ್ಮೇಲೆ ಮೊದ್ಲು ಪೈಪು ತಗೊಂಡು ಬೂದಿ ಎಲ್ಲ ನೀರಲ್ಲಿ ಇಳಿಸಿ, ಆಮೇಲೆ ಕಾರ್ ಬಕೆಟ್ಟಿಂದ ಒಂದು ಬಟ್ಟೆ ಕೇಳ್ತಾರೆ.