ಹಿಂಬಾಗಿಲ ಸ್ಟೆಪ್ನಿ: ಕಂಪನಿ ಬ್ರಾಕೆಟ್, ಕೀಲು ಪ್ಲೇಟ್, ಸ್ವಿಂಗ್ ಕ್ಯಾರಿಯರ್ – ಯಾವುದು ಯಾವ ಗಾಡಿಗೆ?

ದೊಡ್ಡ ಟೈರ್ ಹಾಕಿಸುವವರು ಕೆಳಗಿನ ನಾಲ್ಕು ಚಕ್ರದ ಲೆಕ್ಕ ಹಾಕುತ್ತಾರೆ, ಬಾಗಿಲಲ್ಲಿ ನೇತಾಡುವ ಐದನೆಯದನ್ನು ಮರೆಯುತ್ತಾರೆ. ಮಾರುತಿ ಜಿಮ್ನಿಗೆ ಕಂಪನಿಯಿಂದ ಬರುವ 195/80 ಆರ್ 15 (ಟೈರ್ ಅಗಲ 195 ಮಿ.ಮೀ., ರಿಮ್ 15 ಇಂಚು) ಚಕ್ರ ಅಲಾಯ್ ಸಮೇತ ಸುಮಾರು 18 ಕೆಜಿ. ಅದೇ ಜಾಗಕ್ಕೆ 235/75 ಆರ್ 15 ಆಲ್ ಟೆರೇನ್ (ಕಚ್ಚಾ ದಾರಿಗೂ ಆಗುವ) ಟೈರನ್ನು ಕಬ್ಬಿಣದ ಡಿಸ್ಕಿಗೆ, ಅಂದರೆ ರಿಮ್ಮಿಗೆ, ಏರಿಸಿ ಹಾಕಿದರೆ 24 ಕೆಜಿ ಆಸುಪಾಸು. ಮಹೀಂದ್ರ ಥಾರ್‌ನ 255/65 ಆರ್ 18 ಚಕ್ರ 30ರ ಹತ್ತಿರ ಬರುತ್ತದೆ. ಈ ಭಾರವನ್ನೆಲ್ಲ ಹೊರುವುದು ಎರಡು ಕೀಲು, ಒಂದು ಲಾಕ್, ನಡುವೆ ಒಂದಿಷ್ಟು ತಗಡು.

ಸಕಲೇಶಪುರ ಸೀಮೆಯ ಜಲ್ಲಿ ಕಿತ್ತುಹೋದ ಎಸ್ಟೇಟ್ ರಸ್ತೆಗಳಲ್ಲಿ ಬಾಗಿಲ ಹಿಂದೆ ಸ್ಟೆಪ್ನಿ ಕೂರಿಸುವ ಮೂರೂ ಬಗೆಯನ್ನು ಓಡಿಸಿ ನೋಡಿದ ಮೇಲಿನ ಹೋಲಿಕೆ ಇದು. ಅಳತೆಗೆ ದೊಡ್ಡ ಸಾಮಾನೇನೂ ಬೇಕಿಲ್ಲ. ಲಾಕ್ ಇರುವ ಕಡೆ, ಬಾಗಿಲು ಮತ್ತು ಬಾಡಿ ಎರಡರ ಮೇಲೂ ಬರುವಂತೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಂದಿನಲ್ಲಿ ಬ್ಲೇಡಿನಿಂದ ಸೀಳಿ, ಅಡ್ಡಕ್ಕೆ ಒಂದೇ ಪೆನ್ಸಿಲ್ ಗೆರೆ ಎಳೆಯಿರಿ. 300 ಕಿ.ಮೀ. ಓಡಿಸಿ ನೋಡಿ. ಬಾಗಿಲ ಕಡೆಯ ಗೆರೆ ಬಾಡಿ ಕಡೆಯ ಗೆರೆಗಿಂತ ಕೆಳಗಿಳಿದಿದ್ದರೆ ಬಾಗಿಲು ಜೋತಿದೆ ಎಂದೇ ಅರ್ಥ.

ಬಾಗಿಲು ತೆರೆದಾಗ ಕೀಲಿನ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸರಳ ಲೆಕ್ಕ. ಚಕ್ರ 30 ಕೆಜಿ, ಕೀಲಿನಿಂದ ಚಕ್ರದ ನಡುವಿಗೆ 50 ಸೆಂ.ಮೀ., ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ 40 ಸೆಂ.ಮೀ. ಅಂತರ ಅಂದುಕೊಳ್ಳಿ. 30 × 50 ÷ 40, ಅಂದರೆ 37.5 ಕೆಜಿ ಬಲ ಮೇಲಿನ ಕೀಲನ್ನು ಹೊರಕ್ಕೆ ಎಳೆಯುತ್ತದೆ, ಅಷ್ಟೇ ಬಲ ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಬಾಗಿಲಿನ ಸ್ವಂತ ತೂಕ ಇದರ ಮೇಲೆ. ಆದರೆ ಬಾಗಿಲು ಸೀಳುವುದು ಹೀಗೆ ತೆರೆದಾಗ ಅಲ್ಲ. ಮುಚ್ಚಿ ಓಡಿಸುವಾಗ, ತಗಡಿನಿಂದ ಒಂದು ಗೇಣು ಹೊರಗೆ ನಿಂತ ಚಕ್ರ ಸಣ್ಣ ಸಣ್ಣ ಕುಲುಕಿಗೆ ಮೇಲೆ ಕೆಳಗೆ ತೊನೆಯುತ್ತದಲ್ಲ, ಆಗ. ದೊಡ್ಡ ಬಂಡೆ ಹತ್ತಿ ಇಳಿಯುವುದಕ್ಕಿಂತ 20 ಕಿ.ಮೀ. ಜಲ್ಲಿ ರಸ್ತೆಯೇ ಬಾಗಿಲಿಗೆ ಹೆಚ್ಚು ಹಾನಿ ಮಾಡುತ್ತದೆ. ಹಾಗಾಗಿ ತೂಕಕ್ಕಿಂತ ಮೊದಲು ನೋಡಬೇಕಾದದ್ದು ಚಕ್ರ ಬಾಗಿಲಿನಿಂದ ಎಷ್ಟು ದೂರ ನಿಂತಿದೆ, ಎಷ್ಟು ಅಲ್ಲಾಡುತ್ತದೆ ಎಂಬುದನ್ನು.

ಕಂಪನಿ ಬ್ರಾಕೆಟ್

ಗಾಡಿಯ ಜೊತೆಗೇ ಬಾಗಿಲ ಮೇಲೆ ಬರುವ ಸ್ಟೆಪ್ನಿ ಬ್ರಾಕೆಟ್ ಇದು. ಇದನ್ನು ಸುಮ್ಮನೆ ಬೈಯುವವರೇ ಹೆಚ್ಚು. ಸರಿಯಾಗಿ ಕೂರಿಸಿದರೆ ಒಂದು ಸೈಜ್ ದೊಡ್ಡ ಟೈರನ್ನೂ ಇದು ಹೊರುತ್ತದೆ. ಗುಟ್ಟು ಇರುವುದು ಬ್ರಾಕೆಟ್ಟಿನ ಅಕ್ಕಪಕ್ಕದ ರಬ್ಬರ್ ಬಫರ್‌ಗಳಲ್ಲಿ. ನಟ್ ಪೂರ್ತಿ ಬಿಗಿದಾಗ ಟೈರಿನ ಒಳಗೋಡೆ ಬಫರನ್ನು 2–3 ಮಿ.ಮೀ. ಒತ್ತಿ ಹಿಡಿದಿರಬೇಕು. ಒತ್ತದಿದ್ದರೆ ಚಕ್ರದ ತೊನೆದಾಟವೆಲ್ಲ ಬ್ರಾಕೆಟ್ ಬೋಲ್ಟಿನ ಸುತ್ತಲಿನ ತಗಡಿಗೇ ಬೀಳುತ್ತದೆ. ಬಫರಿಗೂ ಟೈರಿಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರಿಸಿ ನೋಡಿ. ಸಲೀಸಾಗಿ ಎಳೆಯಲು ಬಂದರೆ ಒತ್ತಡ ಇಲ್ಲ.

ಟೈರ್, ಡಿಸ್ಕ್ ಬದಲಾಯಿಸಿದಾಗ ಈ ಅಂತರವೇ ಕೆಡುವುದು. ಜಿಮ್ನಿಯ ಮೂಲ ಡಿಸ್ಕ್ 5.5 ಇಂಚು ಅಗಲ, ಆಫ್‌ಸೆಟ್ (ಡಿಸ್ಕಿನ ಅಗಲದ ನಡುಗೆರೆಯಿಂದ ಅದು ಬೋಲ್ಟಿಗೆ ಕೂರುವ ಮುಖಕ್ಕಿರುವ ದೂರ) +5 ಮಿ.ಮೀ. ಟೈರ್ ಅಗಲ 195ರಿಂದ 235ಕ್ಕೆ ಹೋದರೆ 40 ಮಿ.ಮೀ. ಹೆಚ್ಚುತ್ತದೆ, ಅದರಲ್ಲಿ ಅರ್ಧ, 20 ಮಿ.ಮೀ., ಬಾಗಿಲ ಕಡೆಗೆ ಬರುತ್ತದೆ. ಜೊತೆಗೆ ಆಫ್‌ಸೆಟ್ -20 ಇರುವ ಡಿಸ್ಕ್ ತಂದರೆ ಟೈರ್ 25 ಮಿ.ಮೀ. ಹೊರಕ್ಕೆ ಹೋಗುತ್ತದೆ. ಕೂಡಿ ಕಳೆದರೆ 5 ಮಿ.ಮೀ. ಹೊರಕ್ಕೆ, ಬಫರ್ ಮುಟ್ಟುವುದೇ ಇಲ್ಲ. ಡಿಸ್ಕ್ ಹಳೆಯದೇ ಇಟ್ಟು ಟೈರ್ ಮಾತ್ರ ಬದಲಿಸಿದರೆ ತದ್ವಿರುದ್ಧ: ಟೈರ್ ಮೊದಲೇ ಬಫರಿಗೆ ಬಡಿಯುತ್ತದೆ, ಡಿಸ್ಕ್ ಬ್ರಾಕೆಟ್ಟಿಗೆ ಕೂರುವುದಿಲ್ಲ. ಪಾನಾ ಹಾಕಿ ಜಬರದಸ್ತಿ ಬಿಗಿದರೆ ಬಾಗಿಲ ತಗಡು ಒಳಕ್ಕೆ ತಗ್ಗುತ್ತದೆ.

ಮೊದಲ ಸಂದರ್ಭಕ್ಕೆ ಬಫರಿನ ಕೆಳಗೆ 6–8 ಮಿ.ಮೀ. ಗಟ್ಟಿ ರಬ್ಬರ್ ಪ್ಯಾಡ್ ಕೊಟ್ಟರೆ ಸಾಕು. ಎರಡನೆಯದಕ್ಕೆ ಬ್ರಾಕೆಟ್ ಮತ್ತು ಡಿಸ್ಕ್ ನಡುವೆ ಒಂದೇ ತುಂಡಿನ ಸ್ಪೇಸರ್ ಪ್ಲೇಟ್ ಬೇಕು. ವಾಷರ್ ಮೇಲೆ ವಾಷರ್ ಪೇರಿಸಬೇಡಿ, ಸ್ಟಡ್ (ಚಕ್ರದ ನಟ್ ಕೂರುವ ಬೋಲ್ಟು) ಬಾಗುತ್ತದೆ. ಸ್ಪೇಸರ್ ಕೊಟ್ಟಷ್ಟೂ ಉದ್ದದ ಸ್ಟಡ್ ಹಾಕಿಸಿ, 12 ಮಿ.ಮೀ. ಸ್ಟಡ್ ಆದರೆ ನಟ್ ಒಳಗೆ ಕನಿಷ್ಠ 12 ಮಿ.ಮೀ. ಮರೆ (ತಿರುಪಿನ ಸುತ್ತು) ಹಿಡಿದಿರಬೇಕು. 235/75ರ ವ್ಯಾಸ ಮೂಲಕ್ಕಿಂತ 40 ಮಿ.ಮೀ. ಹೆಚ್ಚು. ಅಂದರೆ ಕೆಳಗಡೆ 20 ಮಿ.ಮೀ. ಜಾಸ್ತಿ ಇಳಿಯುತ್ತದೆ, ಬಂಪರಿಗೆ ತಾಗುತ್ತದೆಯೇ ಎಂದು ಬಾಗಿಲನ್ನು ನಿಧಾನಕ್ಕೆ ಹಾಕಿ ನೋಡಿ.

ನಮ್ಮ ಟೇಪ್ ಪರೀಕ್ಷೆಯಲ್ಲಿ ಬಫರ್ ಸಡಿಲ ಇದ್ದಾಗ ಗೆರೆ ಸುಮಾರು 2 ಮಿ.ಮೀ. ಇಳಿಯಿತು. ಅದೇ ಚಕ್ರ, ಅದೇ ರಸ್ತೆ, ಬಫರ್ ಒತ್ತಿ ಕೂರಿಸಿದ ಮೇಲೆ ಕಣ್ಣಿಗೆ ಕಾಣುವಷ್ಟು ಇಳಿಯಲಿಲ್ಲ. ಒಂದು ರಬ್ಬರ್ ತುಂಡಿನಿಂದ ಇಷ್ಟು ವ್ಯತ್ಯಾಸ.

ಬಾಗಿಲು ಜೋತು ಲಾಕ್ ಸರಿಯಾಗಿ ಬೀಳದಿದ್ದಾಗ ಗ್ಯಾರೇಜಿನಲ್ಲಿ ಮೊದಲು ಮಾಡುವ ಕೆಲಸ ಬಾಡಿ ಕಡೆಯ ಲಾಕ್ ಕೊಂಡಿಯನ್ನು ಕೆಳಗಿಳಿಸುವುದು. ಇದು ರೋಗ ಮುಚ್ಚಿಡುವ ಕೆಲಸ. ಚಕ್ರ ಬಿಚ್ಚಿ, ಬಾಗಿಲು ತೆರೆದು, ತುದಿಯನ್ನು ಎರಡೂ ಕೈಯಿಂದ ಎತ್ತಿ ಇಳಿಸಿ ನೋಡಿ. 2 ಮಿ.ಮೀ.ಗಿಂತ ಹೆಚ್ಚು ಆಡಿದರೆ ಕೀಲಿನ ಪಿನ್ ಸವೆದಿದೆ, ಅದನ್ನೇ ಬದಲಿಸಬೇಕು. ಆಟ ಇಲ್ಲದೆಯೂ ಜೋತಿದ್ದರೆ ಬಾಗಿಲ ಕೆಳಗೆ ಮರದ ತುಂಡು ಇಟ್ಟು ಜಾಕ್ ಕೊಟ್ಟು, ಕೀಲಿನ ಬೋಲ್ಟ್ ಸಡಿಲಿಸಿ, ಸಂದು ಮೇಲೂ ಕೆಳಗೂ ಸಮ ಬರುವಷ್ಟು ಎತ್ತಿ ಮತ್ತೆ ಬಿಗಿಯಿರಿ. 8.8 ದರ್ಜೆಯ ಎಂ8 ಬೋಲ್ಟಿಗೆ 25 ನ್ಯೂಟನ್ ಮೀಟರ್, ಎಂ10ಕ್ಕೆ 45–50.

ಕೀಲು ಪ್ಲೇಟ್

ಐದಾರು ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟನ್ನು ಬಾಗಿಲ ಹೊರಗೆ ಕೂರಿಸಿ, ಒಂದು ಕಡೆ ಎರಡೂ ಕೀಲಿನ ಬೋಲ್ಟಿಗೆ, ಇನ್ನೊಂದು ಕಡೆ ಸ್ಟೆಪ್ನಿ ಬ್ರಾಕೆಟ್ಟಿಗೆ ಜೋಡಿಸುವ ವಿಧಾನ ಇದು. ಚಕ್ರದ ಭಾರ ತಗಡನ್ನು ದಾಟಿ ನೇರ ಕೀಲಿಗೆ ಹೋಗುತ್ತದೆ. 50 × 25 ಸೆಂ.ಮೀ. ಅಳತೆಯ 5 ಮಿ.ಮೀ. ಪ್ಲೇಟ್ ಹೆಚ್ಚುಕಡಿಮೆ 5 ಕೆಜಿ. ನಡುವೆ ಕಿಟಕಿ ಕೊರೆಸಿದರೆ ಮೂರೂವರೆಗೆ ಇಳಿಸಬಹುದು. 24ರಿಂದ 35 ಕೆಜಿ ಚಕ್ರಕ್ಕೆ, ಮೂರರಲ್ಲಿ ನಾವು ಆರಿಸುವುದು ಇದನ್ನೇ. ಬಾಗಿಲು ಒಂದೇ ಕೈಯಲ್ಲಿ ತೆರೆಯುವ ಸುಖ ಹಾಗೇ ಉಳಿಯುತ್ತದೆ, ಜಲ್ಲಿ ರಸ್ತೆಯಲ್ಲಿ ಬಾಗಿಲ ನಡುವಿನಿಂದ ಬರುತ್ತಿದ್ದ ಡಬಡಬ ಸದ್ದು ನಿಲ್ಲುತ್ತದೆ.

ಕೆಡುವುದು ಎರಡು ಕಡೆ. ಪ್ಲೇಟನ್ನು ಕೀಲಿನ ಎಲೆಯ (ಬಾಗಿಲಿಗೆ ಬೋಲ್ಟ್ ಆಗುವ ಚಪ್ಪಟೆ ಭಾಗದ) ಮೇಲೆ ಕೂರಿಸಬೇಕು. ಎಲೆಗೂ ಬಾಗಿಲಿಗೂ ನಡುವೆ ತೂರಿಸಿದರೆ ಬಾಗಿಲು ಪ್ಲೇಟಿನ ದಪ್ಪದಷ್ಟು ಸರಿದು ರಬ್ಬರ್ ಬೀಡಿಂಗ್ ಸರಿಯಾಗಿ ಕೂರುವುದಿಲ್ಲ, ಮಳೆಗಾಲದಲ್ಲಿ ಒಳಗೆ ನೀರು. ಬೋಲ್ಟ್ ಉದ್ದವನ್ನೂ ಪ್ಲೇಟಿನಷ್ಟೇ ಹೆಚ್ಚಿಸಿ, 25 ಮಿ.ಮೀ. ಇದ್ದದ್ದು 30 ಆಗಲಿ. ಎರಡನೆಯದು ತುಕ್ಕು. ಮಲೆನಾಡಿನ ಕೆಂಪು ಕೆಸರು ಪ್ಲೇಟಿನ ಹಿಂದೆ ಸೇರಿದರೆ ಬೇಸಿಗೆವರೆಗೂ ತೇವ ಆರುವುದಿಲ್ಲ. ಮೇಲಂಚು, ಪಕ್ಕದಂಚಿಗೆ ಪಿಯು (ಪಾಲಿಯುರಿಥೇನ್) ಸೀಲಂಟ್ ಎಳೆದು ಕೆಳಗಂಚನ್ನು ತೆರೆದೇ ಬಿಡಿ, ನೀರು ಇಳಿದು ಹೋಗಲಿ. ಬೋಲ್ಟ್ ಬರುವ ಜಾಗದಲ್ಲಿ ಮೆತ್ತನೆ ರಬ್ಬರ್ ಶೀಟ್ ಹಾಕಬೇಡಿ, ಅದು ಕುಗ್ಗಿದಂತೆ ಬೋಲ್ಟ್ ಸಡಿಲವಾಗುತ್ತದೆ.

ಆಗಲೇ ಸೀಳಿದ ಬಾಗಿಲಿಗೆ ಪ್ಲೇಟ್ ಮುಚ್ಚಿ ಸುಮ್ಮನಾಗುವಂತಿಲ್ಲ. ಬ್ರಾಕೆಟ್ ಬೋಲ್ಟಿನ ಸುತ್ತ, ಕೀಲಿನ ಪಕ್ಕದ ಒಳತಗಡಿನಲ್ಲಿ, ಗಾಜಿನ ಕೆಳಮೂಲೆಯಲ್ಲಿ ಟಾರ್ಚ್ ಹಿಡಿದು ನೋಡಿ. ಪೇಂಟಿನ ಮೇಲೆ ಕೂದಲೆಳೆಯಂಥ ಗೆರೆ, ಅದರಿಂದ ಕಂದು ನೀರಿನ ಕಲೆ ಇಳಿದಿದ್ದರೆ ಅದು ಬಿರುಕು. ಬಿರುಕಿನ ಕೊನೆಗೆ 3 ಮಿ.ಮೀ. ತೂತು ಹೊಡೆದು, ಮಿಗ್ ವೆಲ್ಡಿಂಗ್‌ನಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿಸಿ, ಆಮೇಲೆ ಪ್ಲೇಟ್.

ಸ್ವಿಂಗ್ ಕ್ಯಾರಿಯರ್

ಚಾಸಿಗೆ ಕಟ್ಟಿದ ಹಿಂಬಂಪರ್, ಅದರ ಮೂಲೆಯಲ್ಲಿ ತಿರುಗುವ ಸ್ಪಿಂಡಲ್, ತೋಳಿನ ಮೇಲೆ ಚಕ್ರ. ಬಾಗಿಲಿಗೆ ಒಂದು ಕೆಜಿಯೂ ಬೀಳುವುದಿಲ್ಲ. ಚಕ್ರ 35 ಕೆಜಿ ದಾಟಿದ್ದರೆ, ಜೊತೆಗೆ ಡೀಸೆಲ್ ಕ್ಯಾನ್, ಜಾಕ್ ಎಲ್ಲ ಹಿಂದೆಯೇ ಕಟ್ಟಬೇಕಿದ್ದರೆ ಇದು ಬಿಟ್ಟು ಬೇರೆ ದಾರಿಯಿಲ್ಲ. ಇಲ್ಲದಿದ್ದರೆ ಬೇಡ ಎಂದೇ ನಮ್ಮ ಅಭಿಪ್ರಾಯ, ಏಕೆಂದರೆ ತೂಕ. ಬಂಪರ್, ತೋಳು ಸೇರಿ 50 ಕೆಜಿ ಹಿಂದಿನ ಆಕ್ಸಲಿನಿಂದ 90 ಸೆಂ.ಮೀ. ಆಚೆ ಕೂತಿತು ಅನ್ನಿ. ಐದು ಬಾಗಿಲ ಜಿಮ್ನಿಯ ವೀಲ್‌ಬೇಸ್ 2590 ಮಿ.ಮೀ.; ಲೆಕ್ಕ ಹಾಕಿದರೆ ಹಿಂದಿನ ಆಕ್ಸಲಿಗೆ 67 ಕೆಜಿ ಬೀಳುತ್ತದೆ, ಮುಂದಿನದರಿಂದ 17 ಕೆಜಿ ಏಳುತ್ತದೆ. ಕಡಿದಾದ ಏರಿನಲ್ಲಿ ಸ್ಟಿಯರಿಂಗ್ ಹಗುರಾಗುವುದು ಕೈಗೇ ತಿಳಿಯುತ್ತದೆ.

ಮಾಡಿಸುವುದಾದರೆ ಸ್ಪಿಂಡಲಿಗೆ ಬುಷ್ (ಬೇರಿಂಗ್ ಬದಲು ಹಾಕುವ ಸಾದಾ ಕೊಳವೆ) ಒಪ್ಪಬೇಡಿ. ಎರಡು ಟೇಪರ್ ಬೇರಿಂಗ್ ಕೇಳಿ, 30 ಮಿ.ಮೀ. ಸ್ಪಿಂಡಲಿಗೆ 30206 ನಂಬರಿನದು ಸರಿಹೋಗುತ್ತದೆ. ಬುಷ್ ಸವೆದು 10 ಸೆಂ.ಮೀ. ಉದ್ದದಲ್ಲಿ 1 ಮಿ.ಮೀ. ಆಟ ಬಂದರೆ ಒಂದು ಮೀಟರ್ ತೋಳಿನ ತುದಿಯಲ್ಲಿ ಅದು 10 ಮಿ.ಮೀ. ಆಮೇಲೆ ತೋಳನ್ನು ಮೊಣಕಾಲಲ್ಲಿ ಎತ್ತಿ ಹಿಡಿದೇ ಲಾಕ್ ಹಾಕಬೇಕಾಗುತ್ತದೆ. ತೋಳಿನ ತುದಿ ಬಂದು ಕೂರುವ ಕಡೆ ನೈಲಾನ್ ಪ್ಯಾಡ್ ಇರುವ ಇಳಿಜಾರು ಆಸರೆ ಬೇಕೇ ಬೇಕು. ಭಾರ ಹೊರುವುದು ಆಸರೆ, ಕ್ಲಾಂಪಿನ ಕೆಲಸ ಎಳೆದು ಹಿಡಿಯುವುದಷ್ಟೇ. ಆಸರೆಯಿಲ್ಲದೆ ಕ್ಲಾಂಪ್ ಒಂದನ್ನೇ ನಂಬಿದರೆ ಕೊಕ್ಕೆ ಬಾಗುತ್ತದೆ. ಸ್ಪಿಂಡಲ್ ಬಾಗಿಲ ಕೀಲಿನ ಕಡೆಗೇ ಇರಲಿ, ಇಲ್ಲವಾದರೆ ತೋಳು ಒಂದು ಕಡೆ, ಬಾಗಿಲು ಇನ್ನೊಂದು ಕಡೆ ತೆರೆದು ನಡುವೆ ಸಿಕ್ಕಿಕೊಂಡು ಸಾಮಾನು ಇಳಿಸಬೇಕಾಗುತ್ತದೆ. ಇಳಿಜಾರಿನಲ್ಲಿ ತೋಳು ತಾನೇ ತಿರುಗಿ ಬಂದು ಬೆನ್ನಿಗೆ ಬಡಿಯದಂತೆ 90 ಡಿಗ್ರಿಯಲ್ಲಿ ಪಿನ್ ಲಾಕ್ ಇರಬೇಕು. ಖರ್ಚು ಪ್ಲೇಟಿಗಿಂತ ನಾಲ್ಕೈದು ಪಟ್ಟು. ಕಾನೂನಿನ ಕಡೆಯೂ ಗಮನವಿರಲಿ: ಕ್ರ್ಯಾಶ್ ಗಾರ್ಡ್‌ಗಳ (ಬಂಪರಿಗೆ ಹೊರಗಿನಿಂದ ಕಟ್ಟಿಸುವ ಕಬ್ಬಿಣದ ಕಂಬಿಗಳ) ವಿರುದ್ಧ ಕ್ರಮ ಕೈಗೊಳ್ಳಿ ಎಂದು 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು. ಕಬ್ಬಿಣದ ಬಂಪರ್ ಕಂಡರೆ ತಡೆದು ಕೇಳುವ ಸಾಧ್ಯತೆ ಇದೆ.

ಚಕ್ರವನ್ನು ರೂಫ್ ಮೇಲೆ ಹಾಕುವ ಸಲಹೆಯೂ ಕೇಳಿಬರುತ್ತದೆ. 30 ಕೆಜಿ ತಲೆಯ ಮೇಲೆ ಹೋದರೆ ಅಡ್ಡ ಇಳಿಜಾರಿನಲ್ಲಿ ಗಾಡಿ ವಾಲುವುದು ಹೆಚ್ಚುತ್ತದೆ, ಪಂಚರ್ ಆದಾಗ ಒಬ್ಬರೇ ಇಳಿಸಲಾಗುವುದಿಲ್ಲ. ಗಾಳಿ ಒತ್ತಡ ತೋರಿಸುವ ವ್ಯವಸ್ಥೆ, ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ತಿದ್ದಿದ್ದಾರೆ, ನಿಜ. ಆದರೆ ಕಲ್ಲಿಗೆ ಟೈರಿನ ಪಕ್ಕದ ಗೋಡೆ ಹರಿದರೆ ಯಾವ ಕಿಟ್ಟೂ ಕೆಲಸಕ್ಕೆ ಬರುವುದಿಲ್ಲ. ಕಾಡುದಾರಿಗೆ ಹೋಗುವವರು ಸ್ಟೆಪ್ನಿ ಬಿಡಬೇಡಿ.

ಮೂರರಲ್ಲಿ ಯಾವುದನ್ನೇ ಕೂರಿಸಿದರೂ ಕತ್ತಲಾದ ಮೇಲೆ ಒಬ್ಬರನ್ನು ಬ್ರೇಕ್ ಒತ್ತಲು ಹೇಳಿ, ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಮೂರನೆಯ ಬ್ರೇಕ್ ಲೈಟು, ನಂಬರ್ ಪ್ಲೇಟು ಪೂರ್ತಿ ಕಾಣಬೇಕು. ಹಿಂದಿನ ಕ್ಯಾಮೆರಾಕ್ಕೆ ಟೈರ್ ಅಡ್ಡ ಬರುತ್ತಿದೆಯೇ ಎಂದೂ ಆಗಲೇ ನೋಡಿಬಿಡಿ. 50 ಕಿ.ಮೀ. ಓಡಿದ ಮೇಲೆ ಎಲ್ಲ ನಟ್‌ಗಳಿಗೂ ಮತ್ತೊಮ್ಮೆ ಪಾನಾ ಕೊಡಿ, ಅವುಗಳಲ್ಲಿ ಒಂದು ಕಳ್ಳರ ಕೈಗೆ ಬಿಚ್ಚದ ಲಾಕ್ ನಟ್ ಆಗಿರಲಿ, ಅದರ ಕೀಲಿಯನ್ನು ಜಾಕ್ ಚೀಲದಲ್ಲೇ ಇಡಿ.