‘ಚಿಕ್ಕ ಮಾತ್ರೆ ಸಾರ್, ಹೊಟ್ಟೆಗೆ ಏನೂ ಆಗಲ್ಲ’ ಅಂದರು, ನಂಬಿದೆ

ವಿಷಯ ಮಲದ್ದು, ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತೇನೆ. ಹತ್ತು ದಿನ ನನಗೆ ಕಪ್ಪಗೆ ಹೋಗುತ್ತಿತ್ತು. ಡಾಂಬರಿನ ಹಾಗೆ ಅಂಟಂಟು, ಎರಡು ಬಕೆಟ್ ನೀರು ಹಾಕಿದರೂ ಪೂರ್ತಿ ಹೋಗಲ್ಲ, ವಾಸನೆಯಂತೂ ಕೇಳಲೇಬೇಡಿ. ರಾಗಿ ಮುದ್ದೆ ತಿಂದಿದ್ದಕ್ಕೆ ಇರಬೇಕು ಅಂದುಕೊಂಡೆ. ಹುಟ್ಟಿದಾಗಿನಿಂದ ಮುದ್ದೆ ತಿನ್ನುತ್ತಿದ್ದೇನೆ, ಒಂದು ದಿನವೂ ಹೀಗಾಗಿರಲಿಲ್ಲ. ಆ ಬುದ್ಧಿ ಆಗ ಬರಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಶುರುವಾಗಿದ್ದು 2023ರಲ್ಲಿ, ಒಂದು ಆಸ್ಪತ್ರೆಯ ಹೆಲ್ತ್ ಚೆಕಪ್ ಪ್ಯಾಕೇಜಿನಿಂದ. ನಿಮಗೆ ಗೊತ್ತಲ್ಲ, ರಕ್ತ, ಇಸಿಜಿ, ಎಕೋ, ಕೊನೆಗೆ ಇಡ್ಲಿ ಕಾಫಿ. ನನ್ನ ಇಸಿಜಿ ಸರಿ, ಎಕೋ ಸರಿ, ಸಕ್ಕರೆ ಇಲ್ಲ. ಬಿಪಿ ಸ್ವಲ್ಪ ಜಾಸ್ತಿ, ಅಷ್ಟೇ. ಡಾಕ್ಟರು ರಿಪೋರ್ಟ್ ತಿರುವಿ ಹಾಕುತ್ತಾ, ‘ಅರವತ್ತಾಯ್ತಲ್ಲ, ರಕ್ತ ತೆಳ್ಳಗಿರಲಿ, ಆಸ್ಪಿರಿನ್ 75 ರಾತ್ರಿ ಒಂದು ತಗೊಳ್ಳಿ’ ಅಂದರು. ಎಷ್ಟು ದಿನ ಅಂದೆ. ‘ಲೈಫ್ ಲಾಂಗ್’. ಮುಂದಿನ ಟೋಕನ್ ಕೂಗಿದರು. ಹಳೇ ಗ್ಯಾಸ್ಟ್ರಿಕ್ ಇದೆ ಅಂತ ಫಾರಂನಲ್ಲಿ ನಾನೇ ಕೈಯಾರೆ ಬರೆದುಕೊಟ್ಟಿದ್ದೆ. ಯಾರು ಓದುತ್ತಾರೆ?

ಮೆಡಿಕಲ್ ಸ್ಟೋರಿನವನಿಗೆ ಮಾತ್ರ ಕೇಳಿದೆ, ಹೊಟ್ಟೆಗೆ ತೊಂದರೆ ಇಲ್ವಾ ಅಂತ. ಅವನು ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ತೋರಿಸಿದ. ‘75 ಅಷ್ಟೇ ಸಾರ್, ಚಿಕ್ಕ ಮಾತ್ರೆ. ಮೇಲೆ ಕೋಟಿಂಗ್ ಇದೆ ನೋಡಿ, ಹೊಟ್ಟೆಯಲ್ಲಿ ಕರಗೋದೇ ಇಲ್ಲ, ಕರುಳಿಗೆ ಹೋಗಿ ಕರಗುತ್ತೆ.’ ನಾನು ತಲೆ ಆಡಿಸಿದೆ. ಎಷ್ಟು ಚೆನ್ನಾಗಿ ಹೇಳ್ತಾನೆ ಅಂತ ಖುಷಿ ಬೇರೆ.

ಎರಡು ವರ್ಷ ಒಂದು ರಾತ್ರಿ ತಪ್ಪಿಸಲಿಲ್ಲ. ಆಮೇಲೆ ಮಂಡಿ ನೋವು ಬಂತು. ಅದೇ ಅಂಗಡಿ, ‘ನೋವಿಗೆ ಏನಾದ್ರೂ ಕೊಡಪ್ಪ’ ಅಂದೆ, ಡೈಕ್ಲೋಫೆನಾಕ್ ಕೊಟ್ಟ. ದಿನಕ್ಕೆ ಎರಡರಂತೆ ಮೂರು ವಾರ ನುಂಗಿದೆ. ಆಸ್ಪಿರಿನ್ ಜೊತೆ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಹಲವು ಪಟ್ಟು ಏರುತ್ತೆ ಅಂತ ಆ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಎರಡನ್ನೂ ಒಂದೇ ಬಿಲ್ಲಿಗೆ ಹಾಕಿ, ಒಂದೇ ಕವರಿಗೆ ಹಾಕಿ ಕೊಟ್ಟರು.

ಅತಿ ದೊಡ್ಡ ಪೆದ್ದುತನ ಮುಂದಿದೆ. ಕಪ್ಪಗೆ ಹೋಗೋಕೆ ಶುರುವಾದ ವಾರದಲ್ಲೇ ಮನೆ ಮೆಟ್ಟಿಲು ಹತ್ತಿದರೆ ಉಬ್ಬಸ, ಎದೆ ಡವಡವ. ಹಾರ್ಟೇ ಇರಬೇಕು ಅಂದುಕೊಂಡೆ. ಸದ್ಯ, ಆಸ್ಪಿರಿನ್ ತಗೊಳ್ತಾ ಇದ್ದೀನಲ್ಲ ಅಂತ ಧೈರ್ಯ ತಂದುಕೊಂಡೆ! ರಕ್ತ ಸೋರಿಸುತ್ತಿದ್ದ ಮಾತ್ರೆಯನ್ನೇ ನಂಬಿ ಕೂತಿದ್ದೆ. ಒಂದು ಬೆಳಗ್ಗೆ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಹಿಮೋಗ್ಲೋಬಿನ್ 6.4. ಗಂಡಸರಿಗೆ 13ರ ಮೇಲೆ ಇರಬೇಕು. ಎರಡು ಬಾಟಲಿ ರಕ್ತ ಕೊಟ್ಟು, ಗಂಟಲಿಗೆ ಪೈಪು ಇಳಿಸಿ ಎಂಡೋಸ್ಕೋಪಿ ಮಾಡಿದರು. ಹೊಟ್ಟೆಯ ಒಳಗೋಡೆಯಲ್ಲಿ ಹುಣ್ಣು, ನಡುವೆ ಕಪ್ಪು ಚುಕ್ಕೆ. ಅಲ್ಲಿಂದ ಸೋರಿದ ರಕ್ತವೇ ಕಪ್ಪಗೆ ಹೋಗುತ್ತಿದ್ದುದು. ಸುತ್ತ ಪರಚಿದ ಹಾಗೆ ಕೆಂಪು. ಇಷ್ಟಾದರೂ ಹೊಟ್ಟೆನೋವು ಒಂದು ದಿನ ಬಂದಿರಲಿಲ್ಲ. ಈ ಮಾತ್ರೆಗಳಿಂದ ಆಗುವ ಹುಣ್ಣು ಎಷ್ಟೋ ಜನರಿಗೆ ನೋಯೋದೇ ಇಲ್ಲವಂತೆ.

ಕೋಟಿಂಗ್ ಇತ್ತಲ್ಲ ಅಂದೆ. ಎಂಡೋಸ್ಕೋಪಿ ಡಾಕ್ಟರು ಸಣ್ಣಗೆ ನಕ್ಕರು. ಆ ನಗು ಇನ್ನೂ ಚುಚ್ಚುತ್ತೆ. ಮಾತ್ರೆ ಎಲ್ಲಿ ಕರಗಿದರೇನು, ರಕ್ತಕ್ಕೆ ಸೇರಿ ಅದು ಹೊಟ್ಟೆಗೆ ತಿರುಗಿ ಬಂದೇ ಬರುತ್ತೆ. ಹೊಟ್ಟೆಯ ಗೋಡೆ ತನ್ನ ಆಮ್ಲದಿಂದ ತಾನು ಸುಡದ ಹಾಗೆ ಲೋಳೆ ಹಚ್ಚಿಕೊಂಡಿರುತ್ತೆ, ಅದಕ್ಕೆ ಪ್ರೊಸ್ಟಾಗ್ಲಾಂಡಿನ್ ಅನ್ನೋ, ದೇಹವೇ ಮಾಡಿಕೊಳ್ಳುವ ರಾಸಾಯನಿಕ ಬೇಕು, ಆಸ್ಪಿರಿನ್ ಅದನ್ನೇ ನಿಲ್ಲಿಸುತ್ತೆ. ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ಟುಗಳನ್ನು ಅವು ಬದುಕಿರುವ ವಾರ ಹತ್ತು ದಿನವೂ ಮಂಕು ಮಾಡುವುದರಿಂದ, ಗಾಯವಾದರೆ ರಕ್ತ ಬೇಗ ನಿಲ್ಲಲ್ಲ. ಸಣ್ಣ ಕರುಳನ್ನೂ ಬಿಡಲ್ಲವಂತೆ, ಅಲ್ಲಿಗೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆಯ ಕಾವಲೂ ಇಲ್ಲ. ಅಂದರೆ ಆ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ತೋರಿಸಿದ್ದೆಲ್ಲ ಸುಮ್ನೆ!

ವಾಸಿಯಾದ ಮೇಲೆ ಅಂಗಡಿಗೆ ಹೋಗಿ ಕೇಳಿದೆ. ‘ಚೀಟಿ ಇತ್ತು, ಕೊಟ್ಟೆ ಸಾರ್. ನೋವಿನ ಮಾತ್ರೆ ನೀವೇ ಕೇಳಿದ್ರಿ ಅಲ್ವಾ?’ ಹೌದು, ನಾನೇ ಕೇಳಿದ್ದೆ. ಅದೇ ಉರಿಯೋದು. ಚೆಕಪ್ ಡಾಕ್ಟರು ಇನ್ನೂ ಮೇಲು: ‘ಗ್ಯಾಸ್ಟ್ರಿಕ್ ಇದೆ ಅಂತ ನೀವು ಹೇಳಬೇಕಿತ್ತು.’ ಫಾರಂ ತೋರಿಸಿದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ, ‘ಲಕ್ಷಾಂತರ ಜನ ತಗೊಳ್ತಾರೆ, ಎಲ್ಲರಿಗೂ ಹೀಗಾಗುತ್ತಾ?’

ಅಮೆರಿಕದ ತಜ್ಞರ ಸಮಿತಿ 2022ರಲ್ಲೇ ಹೇಳಿದೆ, ಹೃದ್ರೋಗ ಇಲ್ಲದವರು 60 ಆದ ಮೇಲೆ ಮುನ್ನೆಚ್ಚರಿಕೆಗೆ ಅಂತ ಹೊಸದಾಗಿ ಆಸ್ಪಿರಿನ್ ಶುರು ಮಾಡಬೇಡಿ ಅಂತ. 2018ರಲ್ಲಿ ಬಂದ ಅಧ್ಯಯನದಲ್ಲಿ ಆಸ್ಟ್ರೇಲಿಯ, ಅಮೆರಿಕದ 19,000ಕ್ಕೂ ಹೆಚ್ಚು ಆರೋಗ್ಯವಂತ ವೃದ್ಧರಿಗೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಇಲ್ಲವೇ ಔಷಧಿ ಇಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದ್ದರು. ಹೃದಯಕ್ಕೆ ಹೇಳಿಕೊಳ್ಳುವ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು. ನನಗೆ ಚೀಟಿ ಬರೆದಿದ್ದು 2023ರಲ್ಲಿ.

ಸ್ಟೆಂಟ್ ಹಾಕಿದವರು, ಹಾರ್ಟ್ ಅಟ್ಯಾಕ್ ಆದವರು ಇದನ್ನು ಓದಿ ಮಾತ್ರೆ ಬಿಟ್ಟುಬಿಡಬೇಡಿ. ನನ್ನ ಕಥೆ ಕೇಳಿ ಸ್ಟೆಂಟ್ ಇರುವ ಭಾವಮೈದುನ ಎರಡು ದಿನ ಬಿಟ್ಟಿದ್ದ, ಸರಿಯಾಗಿ ಬೈದೆ. ಅವನಿಗೆ ಅದು ಬೇಕೇ ಬೇಕು. ನನ್ನಂಥವರು, ಸುಮ್ನೆ ಇರಲಿ ಅಂತ ನುಂಗುತ್ತಿರುವವರು, ಯಾಕೆ ಅಂತ ಡಾಕ್ಟರನ್ನು ಕೇಳಿ. ಕಪ್ಪಗೆ ಅಂಟಂಟಾಗಿ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಮುದ್ದೆ ಮೇಲೆ ಹಾಕಬೇಡಿ.

ಆ ಅಂಗಡಿಯಿಂದ ಇವತ್ತು ಬೆಳಗ್ಗೆಯೂ ವಾಟ್ಸಾಪ್ ಬಂದಿದೆ. ‘ಸಾರ್, ನಿಮ್ಮ ಆಸ್ಪಿರಿನ್ ಮುಗಿದಿರಬೇಕು. ಮನೆಗೆ ಕಳಿಸಲಾ?’ ಕೊನೆಗೆ ಕೈ ಮುಗಿಯೋ ಚಿತ್ರ ಬೇರೆ.