ಹಸಿರು ಪ್ಲೇಟು, ಹಳೇ ಪೆಟ್ರೋಲು, ಭಾವನ ಸಿಎನ್‌ಜಿ

ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಕಾರು (ಇವಿ) ತಗೊಂಡು ಎರಡೂವರೆ ವರ್ಷ ಆಯಿತು. ‘ಹೇಗಿದೆ ಗಾಡಿ, ತಗೋಬಹುದಾ?’ ಅಂತ ಯಾರಾದರೂ ಕೇಳಿದರೆ ಮೊದಲ ವರ್ಷ ಅರ್ಧ ಗಂಟೆ ಹೊಗಳುತ್ತಿದ್ದೆ. ಈಗ ‘ನಿಮ್ಮ ಪಾರ್ಕಿಂಗ್ ಎಲ್ಲಿದೆ?’ ಅಂತ ತಿರುಗಿ ಕೇಳುತ್ತೇನೆ.

ಹೋಲಿಸೋಕೆ ನನಗೆ ಮೂರು ಗಾಡಿ ಸಿಕ್ಕಿದವು. ಒಂದು ನನ್ನದೇ ಇವಿ, 30 ಯೂನಿಟ್ ಹಿಡಿಯುವ ಬ್ಯಾಟರಿಯದ್ದು. ಇನ್ನೊಂದು 2014ರ ಪೆಟ್ರೋಲ್ ಕಾರು. ಇವಿ ಬಂದಾಗ ಅದನ್ನು ಮಾರೋಕೆ ಹೊರಟಿದ್ದೆ, ಅಪ್ಪ ಬಿಡದೆ ಊರಿಗೆ ತರಿಸಿಕೊಂಡರು. ಮೂರನೆಯದು ಗ್ಯಾಸ್‌ನಲ್ಲಿ ಓಡುವ ಭಾವನ ಸಿಎನ್‌ಜಿ ಕಾರು. ಅಕ್ಕ, ಭಾವ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದಾಗ ಎರಡು ತಿಂಗಳು ನನ್ನ ಕೈಯಲ್ಲಿತ್ತು. ಮೂರೂ ಓಡಿದ್ದು ಒಂದೇ ದಾರಿಯಲ್ಲಿ. ಬೆಂಗಳೂರಿನ ಮನೆಯಿಂದ ಆಫೀಸು, ರಜೆ ಬಂದರೆ ಸಕಲೇಶಪುರದಾಚೆಯ ನಮ್ಮೂರು. ಮನೆಯಿಂದ ಊರಿನ ಅಂಗಳಕ್ಕೆ 240 ಕಿಲೋಮೀಟರ್.

ಬೆಂಗಳೂರಿನೊಳಗೆ ಓಡಿಸೋ ಸುಖದಲ್ಲಿ ಇವಿಗೆ ಸಾಟಿಯೇ ಇಲ್ಲ. ಕ್ಲಚ್ ಇಲ್ಲ, ಗೇರ್ ಇಲ್ಲ, ಸದ್ದಿಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಂತರೂ ಎಡಗಾಲು ನೋಯಲ್ಲ. ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕಾರು ಲೀಟರಿಗೆ 13 ಕೊಟ್ಟರೆ ದೊಡ್ಡದು, ಅಂದರೆ ಕಿಲೋಮೀಟರಿಗೆ ಎಂಟು ರೂಪಾಯಿ. ಸಿಎನ್‌ಜಿಗೆ ನಾಲ್ಕೂವರೆ ಬೀಳುತ್ತೆ. ಇವಿಗೆ ಬರೀ ಒಂದೂವರೆ. ಬ್ರೇಕ್ ಒತ್ತಿದಾಗೆಲ್ಲ ಒಂದಿಷ್ಟು ಕರೆಂಟು ವಾಪಸ್ ಬ್ಯಾಟರಿಗೇ ಹೋಗುತ್ತಲ್ಲ, ಹಾಗಾಗಿ ನಿಂತು ನಿಂತು ಹೋಗೋ ಊರೇ ಅದಕ್ಕೆ ಇಷ್ಟ.

ಆದರೆ ಆ ಒಂದೂವರೆ ರೂಪಾಯಿಯ ಕರೆಂಟು ತುಂಬಿಸೋದು ಎಲ್ಲಿ?

ನನ್ನ ಪಾರ್ಕಿಂಗ್ ಇರೋದು ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟಿನ ಮೂಲೆಯಲ್ಲಿ. ಮೀಟರ್ ಇರೋದು ಕಟ್ಟಡದ ಆ ಕಡೆ. ನನ್ನ ಮೀಟರಿಂದ ಕೇಬಲ್ ಎಳೀತೀನಿ ಅಂದರೆ ಅಸೋಸಿಯೇಷನ್‌ನವರು ಒಪ್ಪಲಿಲ್ಲ. ಎಂಟು ತಿಂಗಳು ಮೀಟಿಂಗ್ ಮೇಲೆ ಮೀಟಿಂಗ್ ಆಗಿ, ಕೊನೆಗೆ ಎಲ್ಲರಿಗೂ ಸೇರಿ ಎರಡು 15 ಆಂಪ್ ಪಾಯಿಂಟ್ ಹಾಕಿಸಿದರು. ಯೂನಿಟ್‌ಗೆ 9 ರೂಪಾಯಿ. ಆ ಪಾಯಿಂಟಿನಲ್ಲಿ ಖಾಲಿ ಬ್ಯಾಟರಿ ತುಂಬೋಕೆ ಹತ್ತು ಗಂಟೆ ಬೇಕು. ಎಲೆಕ್ಟ್ರಿಕ್ ಕಾರುಗಳು ಈಗ ಏಳಾಗಿವೆ. ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಮೆಸೇಜ್ ಬರುತ್ತೆ: ‘ನಿಮ್ದು ಫುಲ್ ಆಗಿದೆ, ತೆಗೀತೀರಾ ಪ್ಲೀಸ್.’ ಲುಂಗಿಯಲ್ಲೇ ಲಿಫ್ಟ್ ಹತ್ತಿ ಕೆಳಗಿಳಿಯಬೇಕು. ಪೆಟ್ರೋಲ್ ಹಾಕಿಸೋಕೆ ಮಲಗಿದವನು ಎದ್ದು ಹೋಗಿದ್ದು ನೆನಪೇ ಇಲ್ಲ ನನಗೆ.

ಈಗ ಊರಿನ ದಾರಿ. ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಪೆಟ್ರೋಲ್ ಕಾರು ನೆಲಮಂಗಲ ದಾಟಿದ್ದೇ ಹುಷಾರಾಗುತ್ತೆ, 13 ಕೊಡುತ್ತಿದ್ದದ್ದು 18 ಕೊಡುತ್ತೆ. ಇವಿ ಅಲ್ಲಿಂದಲೇ ಸೊರಗುತ್ತೆ. ವೇಗ ಏರಿದಷ್ಟೂ ಗಾಳಿ ಎದುರು ತಳ್ಳುತ್ತೆ, ಬ್ರೇಕ್ ಒತ್ತೋ ಕೆಲಸ ಇಲ್ಲದ್ದರಿಂದ ವಾಪಸ್ ಬರೋ ಕರೆಂಟೂ ಇಲ್ಲ. ಬ್ರೋಷರ್‌ನಲ್ಲಿ ನೂರಾರು ಕಿಲೋಮೀಟರ್ ಬರೆದಿದ್ದರು. ಸಿಟಿಯಲ್ಲಿ ನನಗೆ ಸಿಕ್ಕಿದ್ದು 210. ಎಸಿ ಹಾಕಿ 90ರಲ್ಲಿ ಹೋದರೆ ಹೈವೇಯಲ್ಲಿ 175. ಅಂದರೆ ನಮ್ಮೂರಿಗೆ 65 ಕಿಲೋಮೀಟರ್ ಕಮ್ಮಿ. ಒಂದು ಸಲ ಹಟ ಹಿಡಿದು 70ರಲ್ಲಿ ಹೋದೆ. ಹುಲ್ಲು ತುಂಬಿದ ಲಾರಿ ನನ್ನನ್ನು ದಾಟಿ ಹೋಯಿತು. ಹಿಂದಿನ ಸೀಟಿನಿಂದ ಮಗಳು ಅದಕ್ಕೆ ಟಾಟಾ ಮಾಡಿದಳು.

ಹಾಗಾಗಿ ಚಾರ್ಜ್ ಮಾಡೋಕೆ ಚನ್ನರಾಯಪಟ್ಟಣದ ಹತ್ತಿರ ನಿಲ್ಲಲೇಬೇಕು. ಕಳೆದ ದಸರಾ ರಜೆಯಲ್ಲಿ ಅಲ್ಲಿಗೆ ಬಂದಾಗ ಬ್ಯಾಟರಿ 17 ಪರ್ಸೆಂಟ್. ಚಾರ್ಜಿಂಗ್ ಕಂಪನಿಯ ಆಪ್‌ನಲ್ಲಿ ಎರಡು ಗನ್ (ಕಾರಿಗೆ ಸಿಕ್ಕಿಸೋ ಚಾರ್ಜಿಂಗ್ ಪ್ಲಗ್) ಖಾಲಿ ಅಂತ ಹಸಿರು ತೋರಿಸುತ್ತಿತ್ತು. ಹೋಗಿ ನೋಡಿದರೆ ಒಂದಕ್ಕೆ ‘ಕೆಟ್ಟಿದೆ’ ಅಂತ ರಟ್ಟು ಕಟ್ಟಿದ್ದಾರೆ, ಇನ್ನೊಂದಕ್ಕೆ ಟ್ಯಾಕ್ಸಿ ಸಿಕ್ಕಿಸಿ ಡ್ರೈವರ್ ಸೀಟು ಬಗ್ಗಿಸಿ ಮಲಗಿದ್ದಾನೆ. ಅವನದು 82 ಪರ್ಸೆಂಟ್. ಎಂಬತ್ತು ದಾಟಿದ ಮೇಲೆ ಚಾರ್ಜ್ ಆಮೆಯಂತೆ ತೆವಳುತ್ತೆ, ಅವನಿಗೋ ನೂರೇ ಆಗಬೇಕು. ಎಬ್ಬಿಸೋಕೆ ಮನಸ್ಸು ಬರಲಿಲ್ಲ, ಪಾಪ ರಾತ್ರಿಯೆಲ್ಲ ಓಡಿಸಿರಬೇಕು. ಮುಕ್ಕಾಲು ಗಂಟೆ ಕಾದೆ. ನನ್ನ ಸರದಿ ಬಂದಾಗ ಆ ಆಪ್‌ನ ವ್ಯಾಲೆಟ್‌ನಲ್ಲಿ 64 ರೂಪಾಯಿ ಇತ್ತು, ಬೇರೆ ಆಪ್‌ನ ವ್ಯಾಲೆಟ್‌ನಲ್ಲಿ 187. ಇದರದ್ದು ಅದಕ್ಕೆ ಬರಲ್ಲ. ಹೀಗೆ ಐದು ಆಪ್‌ನಲ್ಲಿ ನನ್ನ ದುಡ್ಡು ಚಿಲ್ಲರೆ ಚಿಲ್ಲರೆಯಾಗಿ ಕೂತಿದೆ.

ಆ ಗನ್‌ನ ದರ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಯೂನಿಟ್‌ಗೆ 23 ರೂಪಾಯಿ. ಹೈವೇಯಲ್ಲಿ ಒಂದು ಯೂನಿಟ್‌ಗೆ ಆರು ಕಿಲೋಮೀಟರೂ ಬರಲ್ಲ. ಅಲ್ಲಿಗೆ ಕಿಲೋಮೀಟರಿಗೆ ನಾಲ್ಕು ರೂಪಾಯಿ! ಭಾವನ ಸಿಎನ್‌ಜಿ ಅದೇ ದಾರಿಯಲ್ಲಿ ಮೂರು ಮುಕ್ಕಾಲಿಗೆ ಓಡಿತು. ಊರು ಮುಟ್ಟೋಕೆ ಪೆಟ್ರೋಲ್ ಕಾರಿಗೆ ಸುಮಾರು 1,370 ರೂಪಾಯಿ, ಐದು ಗಂಟೆ. ಸಿಎನ್‌ಜಿಗೆ 900, ಬಂಕಿನ ಕ್ಯೂ ಸೇರಿ ಐದೂವರೆ ಗಂಟೆ. ಇವಿಗೆ ಮನೆಯಲ್ಲಿ ತುಂಬಿಸಿದ್ದೂ ಸೇರಿ 700, ಆದರೆ ಅದೃಷ್ಟ ನೆಟ್ಟಗಿದ್ದರೂ ಆರೂವರೆ ಗಂಟೆ.

ಹಾಗಂತ ಸಿಎನ್‌ಜಿ ಏನೂ ಅಪ್ಪಟ ಚಿನ್ನವಲ್ಲ. ಗ್ಯಾಸ್ ಹಾಕಿಸುವಾಗ ಪ್ರತಿ ಸಲ ಎಲ್ಲರೂ ಕೆಳಗಿಳಿಯಬೇಕು, ಮಲಗಿದ ಮಗುವನ್ನೂ ಎತ್ತಿಕೊಂಡು. ಸಕಲೇಶಪುರ ದಾಟಿದ ಮೇಲಿನ ಏರಿನಲ್ಲಿ ಎರಡನೇ ಗೇರಿನಲ್ಲೇ ಏದುಸಿರು ಬಿಡುತ್ತೆ. ಡಿಕ್ಕಿ ತುಂಬ ಸಿಲಿಂಡರ್. ಅಮ್ಮ ಎರಡು ಹಲಸಿನಹಣ್ಣು, ಮೂಟೆ ತೆಂಗಿನಕಾಯಿ, ಕಾಫಿಪುಡಿ ಎಲ್ಲ ಜಗಲಿಯಲ್ಲಿ ಜೋಡಿಸಿಟ್ಟಿದ್ದರು. ಡಿಕ್ಕಿ ತೆಗೆದು ನೋಡಿ, ‘ಇದೇನೋ ಮಗಾ, ಗ್ಯಾಸ್ ಅಂಗಡಿಯವನ ಗಾಡಿ ತಂದ್ಯಾ?’ ಅಂದರು. ಒಂದು ಹಲಸು ಅಲ್ಲೇ ಉಳಿಯಿತು.

ಊರಿಗೆ ಇವಿ ಮೊದಲ ಸಲ ಹೋದಾಗಿನ ಕಥೆ ಬೇರೆಯೇ. ಕೊಟ್ಟಿಗೆ ಪಕ್ಕದ ಪ್ಲಗ್‌ಗೆ ಚಾರ್ಜರ್ ಹಾಕಿದರೆ ಕೆಂಪು ಲೈಟು. ತೆಗೆದು ಹಾಕಿದೆ, ಕೆಂಪು. ಬೇರೆ ಪ್ಲಗ್, ಅಲ್ಲೂ ಕೆಂಪು. ಬಲ್ಬು, ಮಿಕ್ಸಿ ಎಲ್ಲ ನಡೆಯೋ ಮನೆಯಲ್ಲಿ ಕಾರಿಗೆ ಮಾತ್ರ ಕರೆಂಟು ಬೇಡವಂತೆ! ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, ‘ಅರ್ತಿಂಗ್ ಒಣಗಿರುತ್ತೆ ಸಾರ್, ಗುಂಡಿಗೆ ಉಪ್ಪು ನೀರು ಹಾಕಿ’ ಅಂದ. ಸೋರುವ ಕರೆಂಟನ್ನು ನೆಲಕ್ಕಿಳಿಸೋ ತಂತಿಯೇ ಅರ್ತಿಂಗ್, ಅದು ಸರಿಯಿಲ್ಲದಿದ್ದರೆ ಚಾರ್ಜರ್ ಒಪ್ಪಲ್ಲ. ಅಪ್ಪ ದನಕ್ಕೆ ತಂದಿಟ್ಟಿದ್ದ ಕಲ್ಲುಪ್ಪು ನಾಲ್ಕು ಹಿಡಿ ಸುರಿದು ಎರಡು ಕೊಡ ನೀರು ಹುಯ್ದರು. ಹತ್ತು ನಿಮಿಷ ಬಿಟ್ಟು ಹಾಕಿದೆ. ಹಸಿರು ಲೈಟು ಬಂತು. ‘ಬಾಣಂತಿ ಎಮ್ಮೆಗೂ ಇಷ್ಟು ಮಾಡಿಲ್ಲ ಕಣೋ’ ಅಂದರು ಅಪ್ಪ.

ಮಾರನೇ ಸಲ ಹೋದಾಗ ಕಾರಿನ ಬಾಗಿಲೇ ತೆಗೆಯಲಿಲ್ಲ. ದೊಡ್ಡ ಬ್ಯಾಟರಿಯಲ್ಲಿ 60 ಪರ್ಸೆಂಟ್ ಇತ್ತು, ಸತ್ತಿದ್ದು 12 ವೋಲ್ಟಿನ ಸಣ್ಣ ಬ್ಯಾಟರಿ. ಅದು ಎದ್ದೇಳದೆ ದೊಡ್ಡದು ಕಣ್ಣೇ ಬಿಡಲ್ಲ. ಕೀಲಿಯಿಂದ ಬಾಗಿಲು ತೆಗೆದು, ಅಪ್ಪನ 2014ರ ಪೆಟ್ರೋಲ್ ಕಾರು ಪಕ್ಕಕ್ಕೆ ತಂದು, ವೈರ್ ಕೊಟ್ಟು ಎಬ್ಬಿಸಿದೆವು. ಬೇಲಿ ಪಕ್ಕ ನಿಂತಿದ್ದವರೆಲ್ಲ ನಗುತ್ತಿದ್ದರು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಪೆಟ್ರೋಲ್ ಮಾಡೆಲ್‌ಗಿಂತ ನಾಲ್ಕೂವರೆ ಲಕ್ಷ ಜಾಸ್ತಿ ಕೊಟ್ಟಿದ್ದೆ. ಕಿಲೋಮೀಟರಿಗೆ ಐದು ರೂಪಾಯಿ ಉಳಿದರೂ ಅದು ವಾಪಸ್ ಬರೋಕೆ 90,000 ಕಿಲೋಮೀಟರ್ ಓಡಬೇಕು. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗೋ ನಾನು ವರ್ಷಕ್ಕೆ ಓಡಿಸೋದು 9,500. ಬ್ಯಾಟರಿ ವಾರಂಟಿ ಎಂಟು ವರ್ಷ, ನನ್ನ ಲೆಕ್ಕ ಒಂಬತ್ತೂವರೆ. ಸರ್ವಿಸ್ ಅಗ್ಗ ನಿಜ. ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಲ್ಲೂ 15 ಪರ್ಸೆಂಟ್ ರಿಯಾಯಿತಿ ಇದೆ. ಆದರೆ ಹಳೇ ಕಾರು ಕೊಳ್ಳುವವರ ಹತ್ತಿರ ವಿಚಾರಿಸಿದರೆ, ಕೊಂಡ ಬೆಲೆಯ ಅರ್ಧಕ್ಕೂ ಕಮ್ಮಿ ಹೇಳಿದರು. ಬ್ಯಾಟರಿ ಎಷ್ಟು ದಿನ ಬರುತ್ತೋ ಯಾರಿಗ್ಗೊತ್ತು ಅಂತ ಅವರ ಮಾತು.

ಮಾರಲಿಲ್ಲ. ಯುಗಾದಿಗೆ ಹೋದಾಗ ಅಪ್ಪ ಮಂಡಿ ನೋವು, ಕ್ಲಚ್ ಒತ್ತೋಕಾಗಲ್ಲ ಅಂತಿದ್ದರು. ಇವಿಯನ್ನು ಅಲ್ಲೇ ಬಿಟ್ಟು ಪೆಟ್ರೋಲ್ ಕಾರು ತಗೊಂಡು ಬಂದೆ. ಈಗ ನನಗೆ ತಿಂಗಳಿಗೆ ಮೂರು ಸಾವಿರ ಖರ್ಚು ಜಾಸ್ತಿ. ಆದರೆ ಹನ್ನೊಂದು ಗಂಟೆಯ ಲುಂಗಿ ಯಾತ್ರೆ ಇಲ್ಲ.

ಅಪ್ಪನಿಗೆ ಸ್ವಂತ ಶೆಡ್ಡು, ಸ್ವಂತ ಮೀಟರು, ದಿನಕ್ಕೆ ಪೇಟೆಗೆ ಹೋಗಿ ಬಂದರೆ 30 ಕಿಲೋಮೀಟರ್. ಇಳಿಜಾರಿನಲ್ಲಿ ಒಂದೆರಡು ಪರ್ಸೆಂಟ್ ವಾಪಸ್ ಬಂತು ಅಂತ ಸಂತೆಯಿಂದಲೇ ಫೋನ್ ಮಾಡಿ ಹೇಳುತ್ತಾರೆ. ಮೊನ್ನೆ ಮಾತಾಡುವಾಗ ಬಿಸಿಲು ಜಾಸ್ತಿ ಅಂದರು. ಬಾವಿ ನೀರು ಇಳಿದಿದೆಯಂತೆ, ಅರ್ತಿಂಗ್ ಗುಂಡಿಗೆ ಮಾತ್ರ ದಿನಾ ಎರಡು ಕೊಡ ತಪ್ಪಿಸಿಲ್ಲವಂತೆ.